ಹನ್ನೊಂದನೇ ಹೆಣಕ್ಕೆ ಆಕಳಿಕೆ: ಜಾಂಬಿ ಕಥಾಸಂಕಲನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಕಪಾಟಿನಲ್ಲಿ ಒಂದು ಸಾಲು ಪೂರ್ತಿ ಜಾಂಬಿ ಕಥೆಗಳ ಇಂಗ್ಲಿಷ್ ಸಂಕಲನಗಳಿವೆ. ಮನೆಗೆ ಬಂದವರು ಮೊದಲು ಪುಸ್ತಕಗಳ ಬೆನ್ನ ಮೇಲಿನ ಹೆಸರು ಓದುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. ಆಮೇಲೆ ಪ್ರಶ್ನೆ ಶುರು. ವರ್ಷಗಳಿಂದ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಪ್ರತಿ ಸಲ ಕಾಫಿ ಆರುವ ತನಕ ಮಾತಾಡುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಜಾಂಬಿ ಸಂಕಲನ ಅಂದ್ರೆ ಏನು?

ಹದಿನೈದೋ ಮೂವತ್ತೋ ಲೇಖಕರು, ಒಬ್ಬರೋ ಇಬ್ಬರೋ ಸಂಪಾದಕರು, ವಸ್ತು ಮಾತ್ರ ಒಂದೇ: ಸತ್ತವರು ಎದ್ದು ಬಂದರು. ಕೆಲವು ಪುಸ್ತಕಗಳಿಗೆ ಕಥೆಗಳನ್ನು ಹೊಸದಾಗಿ ಬರೆಸುತ್ತಾರೆ. ಕೆಲವಕ್ಕೆ ಹಳೇ ಪತ್ರಿಕೆ, ಹಳೇ ಪುಸ್ತಕಗಳಿಂದ ಆರಿಸಿ ತರುತ್ತಾರೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಒಂದೇ ಪುಸ್ತಕದಲ್ಲಿ ಒಂದು ಕಥೆ ನಿದ್ದೆ ಕೆಡಿಸುತ್ತದೆ, ಮುಂದಿನದು ನಿದ್ದೆ ತರಿಸುತ್ತದೆ. ಯಾಕೆ ಹೀಗೆ?

ಎಲ್ಲರೂ ಕೇಳುವುದು ಇದನ್ನೇ. ಬರೆದವರು ಬೇರೆ ಬೇರೆ, ಹಾಗಾಗಿ ಮಟ್ಟವೂ ಬೇರೆ ಬೇರೆ ಅನ್ನುವುದು ಸುಲಭದ ಉತ್ತರ. ಆದರೆ ಅದು ಎಲ್ಲ ಸಂಕಲನಗಳಿಗೂ ನಿಜ. ಪತ್ತೇದಾರಿ ಕಥೆಗಳ ಸಂಕಲನದಲ್ಲೂ ಕಾಳು ಜೊಳ್ಳು ಎರಡೂ ಇರುತ್ತವೆ, ಆದರೆ ಹನ್ನೊಂದನೇ ಕೊಲೆಗೆ ಯಾರೂ ಆಕಳಿಸುವುದಿಲ್ಲ. ಹನ್ನೊಂದನೇ ಹೆಣ ಎದ್ದಾಗ ಮಾತ್ರ ಆಕಳಿಕೆ ಬರುತ್ತದೆ.

ನನ್ನ ಪ್ರಕಾರ ತೊಂದರೆ ಇರುವುದು ಜಾಂಬಿಯಲ್ಲೇ. ಅದಕ್ಕೆ ಗೊತ್ತಿರುವುದು ಹಸಿವು ಒಂದೇ. ಮಾತಿಲ್ಲ, ಹಠವಿಲ್ಲ, ಹಳೇ ಸಿಟ್ಟಿಲ್ಲ. ನಮ್ಮ ಕಡೆಯ ದೆವ್ವಗಳನ್ನು ನೋಡಿ. ಒಂದನ್ನು ಯಾರೋ ಬಾವಿಗೆ ತಳ್ಳಿರುತ್ತಾರೆ, ಇನ್ನೊಂದಕ್ಕೆ ಮಗುವಿನ ಮುಖ ನೋಡದೆ ಸತ್ತ ಸಂಕಟ. ದೆವ್ವದ ಹಿಂದೆ ಒಂದು ಕಥೆ ಇದ್ದೇ ಇರುತ್ತದೆ. ಜಾಂಬಿಯ ಹಿಂದೆ ಇರುವುದು ಇನ್ನೊಂದು ಜಾಂಬಿ.

ಎರಡನೇ ತೊಂದರೆ ಸಂಕಲನದ್ದು. ಕಾದಂಬರಿಯಲ್ಲಿ ಲೋಕ ಒಂದು ಸಲ ಮುಳುಗಿದರೆ ಸಾಕು. ಸಂಕಲನದಲ್ಲಿ ಇಪ್ಪತ್ತು ಪುಟಕ್ಕೊಮ್ಮೆ ಮತ್ತೆ ಹೊಸದಾಗಿ ಮುಳುಗಬೇಕು. ಟಿವಿಯಲ್ಲಿ ಏನೋ ಗಲಿಬಿಲಿ ಸುದ್ದಿ. ಪಕ್ಕದ ಮನೆಯವನು ತೂರಾಡಿಕೊಂಡು ಬರುತ್ತಾನೆ, ಕುಡಿದಿರಬೇಕು ಅಂದುಕೊಳ್ಳುತ್ತಾರೆ. ಬಾಗಿಲಿಗೆ ಹಲಗೆ ಹೊಡೆಯುತ್ತಾರೆ. ಗುಂಪಿನಲ್ಲಿ ಒಬ್ಬ ಸುಮ್ನೆ ಮೂಲೆಗೆ ಹೋಗಿ ಅಂಗಿಯ ತೋಳು ಕೆಳಗೆ ಎಳೆದುಕೊಂಡು ಕೂರುತ್ತಾನೆ. ಕಚ್ಚಿದ ಗಾಯ ಮುಚ್ಚಿಟ್ಟಿದ್ದಾನೆ ಅಂತ ನಮಗೆ ಆಗಲೇ ಗೊತ್ತು, ಕಥೆಯಲ್ಲಿ ಇರುವವರಿಗೆ ಮಾತ್ರ ಗೊತ್ತಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಅಂತಾರಲ್ಲ, ಹಾಗೆ. ಒಂದು ಸಲ ಪೆನ್ಸಿಲ್ ಹಿಡಿದು, ಟಿವಿ ಅಥವಾ ರೇಡಿಯೊ ಸುದ್ದಿ ಬಂದ ಕಡೆಯೆಲ್ಲ ಅಂಚಿನಲ್ಲಿ ಒಂದು ಗೀಟು ಎಳೆಯುತ್ತಾ ಹೋದೆ. ಪುಸ್ತಕದ ಅರ್ಧಕ್ಕೆ ಬರುವಷ್ಟರಲ್ಲಿ ಆ ಆಟವೂ ಬೇಜಾರಾಗಿ ಬಿಟ್ಟೆ.

ಇನ್ನೂ ಒಂದಿದೆ. ಬಿಡಿ ಕಥೆ ಪತ್ರಿಕೆಯಲ್ಲಿ ಬಂದಾಗ ಹೆಣ ಕಣ್ಣು ಬಿಡುವುದೇ ದೊಡ್ಡ ತಿರುವು. ಅದೇ ಕಥೆಯನ್ನು ಜಾಂಬಿ ಸಂಕಲನಕ್ಕೆ ಹಾಕಿದರೆ ಆ ತಿರುವನ್ನು ಮುಖಪುಟವೇ ಮೊದಲು ಹೇಳಿಬಿಟ್ಟಿರುತ್ತದೆ. ಕೊನೇ ಸಾಲಿನಲ್ಲಿ ಹೆಣ ಎದ್ದೇಳಿಸುವ ಕಥೆಗಳು ಇಂಥ ಪುಸ್ತಕಗಳಲ್ಲಿ ಪಾಪ, ಹುಟ್ಟುವಾಗಲೇ ಸತ್ತಿರುತ್ತವೆ.

ಹಾಗಾದರೆ ಯಾವ ಕಥೆ ನಿಲ್ಲುತ್ತದೆ?

ಹೆಣದ ಎದುರು ನಿಂತ ಮನುಷ್ಯನಿಗೆ ಒಂದು ಕೆಲಸ ಇರುವ ಕಥೆ. ಓಡಿ ತಪ್ಪಿಸಿಕೊಳ್ಳುವುದು ಲೆಕ್ಕಕ್ಕಿಲ್ಲ, ಅದು ಎಲ್ಲರಿಗೂ ಇರುವ ಕೆಲಸ. ಹೆಣಗಳು ಎದ್ದರೂ ಬಿದ್ದರೂ ಮಾಡಲೇಬೇಕಾದ ದಿನದ ಕೆಲಸ ಇರಬೇಕು.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಡ್ಯಾನ್ ಸಿಮನ್ಸ್ ಬರೆದ 'ದಿಸ್ ಇಯರ್ಸ್ ಕ್ಲಾಸ್ ಪಿಕ್ಚರ್', 1992ರ ಕಥೆ. ಲೋಕವೆಲ್ಲ ಮುಗಿದಿದೆ. ಮಿಸ್ ಗೈಸ್ ಅನ್ನುವ ವಯಸ್ಸಾದ ನಾಲ್ಕನೇ ತರಗತಿ ಟೀಚರ್ ಒಬ್ಬರು ಮಾತ್ರ ಶಾಲೆ ಬಿಟ್ಟಿಲ್ಲ. ಅವರ ಮಕ್ಕಳೆಲ್ಲ ಜಾಂಬಿಗಳು. ಅವುಗಳನ್ನು ಡೆಸ್ಕಿಗೆ ಕಟ್ಟಿ ಕೂರಿಸಿ ದಿನಾ ಪಾಠ ಮಾಡುತ್ತಾರೆ. ಸರಿಯಾಗಿ ನಡೆದುಕೊಂಡ ಮಗುವಿಗೆ ಒಂದು ತುಂಡು ಮಾಂಸ ಬಹುಮಾನ. ಹೊರಗಿನಿಂದ ಬರುವ ಹೆಣಗಳಿಗೆ ಬಂದೂಕು. ಒಳಗೆ ಕೂತ ಹೆಣಗಳಿಗೆ ಕಪ್ಪು ಹಲಗೆ, ಸೀಮೆಸುಣ್ಣ. ವರ್ಷಕ್ಕೊಂದು ಗ್ರೂಪ್ ಫೋಟೊ ತೆಗೆಸುವ ಪದ್ಧತಿ ಇದೆಯಲ್ಲ, ಅದನ್ನೂ ಬಿಡುವುದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕ್ಯಾಮೆರಾ ಕಡೆ ನೋಡಿಸಬೇಕು. ಅವು ನೋಡಬೇಕಲ್ಲ!

ಇಲ್ಲಿ ಜಾಂಬಿ ಹೇಗೆ ಬಂತು, ಯಾವ ವೈರಸ್ಸು, ಸರ್ಕಾರ ಏನು ಮಾಡಿತು, ಒಂದೂ ಮುಖ್ಯವಲ್ಲ. ಕಲಿಯಲಾರದ ಮಗುವಿಗೆ ಕಲಿಸುತ್ತಾ ಕೂತ ಟೀಚರ್ ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಪ್ರೈಮರಿ ಶಾಲೆಯಲ್ಲೂ ಇದ್ದರು. ಕೊನೇ ಬೆಂಚಿನ ನಾವು ಅವರ ಪಾಲಿಗೆ ಹೆಚ್ಚುಕಮ್ಮಿ ಜಾಂಬಿಗಳೇ ಆಗಿದ್ದೆವು. ಈ ಕಥೆಗೆ ಭಯಾನಕ ಸಾಹಿತ್ಯಕ್ಕೆ ಕೊಡುವ ಸ್ಟೋಕರ್ ಪ್ರಶಸ್ತಿ, ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಎರಡೂ ಬಂದವು. ಕೊನೆ ಹೇಳುವುದಿಲ್ಲ, ಓದಿ.

ಸ್ಟೀಫನ್ ಕಿಂಗ್ ಅವರ 'ಹೋಮ್ ಡೆಲಿವರಿ' ಇದೇ ಜಾತಿಯದು. ಅಮೆರಿಕದ ಮೇನ್ ರಾಜ್ಯದ ಪಕ್ಕ ಒಂದು ಪುಟ್ಟ ದ್ವೀಪ. ಮ್ಯಾಡಿ ಅನ್ನುವ ಬಸುರಿ ಹೆಂಗಸು. ಗಂಡ ಸಮುದ್ರದಲ್ಲಿ ಮುಳುಗಿ ಸತ್ತಿದ್ದಾನೆ. ರಾತ್ರಿ ಊಟಕ್ಕೆ ಏನು ಮಾಡಲಿ ಅನ್ನುವುದನ್ನೂ ಒಬ್ಬಳೇ ತೀರ್ಮಾನಿಸಲಾಗದ ಸ್ವಭಾವ ಅವಳದು. ಅಂಥವಳ ಮನೆ ಬಾಗಿಲಿಗೆ ಗಂಡ ವಾಪಸ್ ಬರುತ್ತಾನೆ. ಲೋಕದ ಗಲಾಟೆಯೂ ಕಥೆಯಲ್ಲಿದೆ, ದ್ವೀಪದ ಗಂಡಸರು ಸ್ಮಶಾನ ಕಾಯುವ ಭಾಗವಂತೂ ಚೆನ್ನಾಗಿದೆ. ಆದರೆ ನನಗೆ ನೆನಪಿನಲ್ಲಿ ಉಳಿದದ್ದು ಅಡುಗೆ ಏನು ಅಂತ ತೋಚದೆ ನಿಂತ ಮ್ಯಾಡಿ.

ಈ ಜಾಂಬಿ ಅನ್ನೋದು ಎಲ್ಲಿಂದ ಬಂತು? ಕಚ್ಚುವುದು, ತಲೆಗೆ ಹೊಡೆದರೆ ಮಾತ್ರ ಸಾಯುವುದು, ಇದನ್ನೆಲ್ಲ ಯಾರು ಕಟ್ಟಿದರು?

ಎರಡು ಬೇರೆ ಬೇರೆ ಹೆಣಗಳು ಒಂದೇ ಹೆಸರು ಹಂಚಿಕೊಂಡಿವೆ.

ಮೊದಲನೆಯದು ಹೈಟಿ ದೇಶದ್ದು. ಅಲ್ಲಿ ಜಾಂಬಿ ಯಾರನ್ನೂ ತಿನ್ನುವುದಿಲ್ಲ. ಮಂತ್ರವಾದಿ ಹೆಣವನ್ನು ಎಬ್ಬಿಸಿ ಹೊಲದಲ್ಲಿ ದುಡಿಸುತ್ತಾನೆ, ಅಷ್ಟೇ. ಗುಲಾಮಗಿರಿ ಕಂಡ ನಾಡು ಅದು. ಸತ್ತ ಮೇಲೂ ದುಡಿತ ತಪ್ಪುವುದಿಲ್ಲ ಅನ್ನುವುದೇ ಅಲ್ಲಿನವರ ಭಯ. 1915ರಿಂದ 1934ರ ತನಕ ಅಮೆರಿಕ ಹೈಟಿಯನ್ನು ಹಿಡಿದಿಟ್ಟುಕೊಂಡಿತ್ತು. ಆ ಕಾಲದಲ್ಲಿ ವಿಲಿಯಂ ಸೀಬ್ರೂಕ್ ಅನ್ನುವ ಅಮೆರಿಕನ್ ಲೇಖಕ ಅಲ್ಲಿಗೆ ಹೋಗಿ, ಕೇಳಿದ ಕಥೆಗಳನ್ನೆಲ್ಲ ಸೇರಿಸಿ 1929ರಲ್ಲಿ 'ದ ಮ್ಯಾಜಿಕ್ ಐಲ್ಯಾಂಡ್' ಪ್ರಕಟಿಸಿದ. ಅದರಲ್ಲಿ ಕಬ್ಬಿನ ಗದ್ದೆಗೆ ಕೂಲಿಗೆ ಬಂದ ಒಂದು ಹೆಣಗಳ ಗುಂಪಿನ ಕಥೆ ಇದೆ. ಮೇಸ್ತ್ರಿ ಎಲ್ಲರ ಕೂಲಿಯನ್ನೂ ತಾನೇ ಎಣಿಸಿಕೊಳ್ಳುತ್ತಾನೆ. ಹೆಣಗಳಿಗೆ ದಿನಾ ಉಪ್ಪಿಲ್ಲದ ಸಪ್ಪೆ ಊಟ. ಒಂದು ಹಬ್ಬದ ದಿನ ಮೇಸ್ತ್ರಿಯ ಹೆಂಡತಿ ಕನಿಕರಪಟ್ಟು ಅವುಗಳಿಗೆ ಮಿಠಾಯಿ ಕೊಡಿಸುತ್ತಾಳೆ. ಮಿಠಾಯಿಯ ಬೀಜಗಳಲ್ಲಿ ಉಪ್ಪಿತ್ತು. ನಾಲಿಗೆಗೆ ಉಪ್ಪು ತಾಗಿದ್ದೇ ತಡ, ತಾವು ಸತ್ತಿದ್ದೇವೆ ಅಂತ ಹೆಣಗಳಿಗೆ ಗೊತ್ತಾಗುತ್ತದೆ. ಸೀದಾ ತಮ್ಮ ಊರಿನ ಸ್ಮಶಾನಕ್ಕೆ ನಡೆದು ಹೋಗುತ್ತವೆ.

ನಮ್ಮಲ್ಲಿ ಉಪ್ಪು ತಿಂದವರು ಋಣಕ್ಕೆ ಬೀಳುತ್ತಾರೆ. ಅಲ್ಲಿ ಉಪ್ಪು ತಿಂದವರಿಗೆ ಬಿಡುಗಡೆ. ನನಗೆ ಈ ಒಂದು ವಿವರ ಮೂವತ್ತು ಸಂಕಲನಗಳಿಗೆ ಸಾಕಾಗುವಷ್ಟು ದೊಡ್ಡದು. ಆದರೆ ಇವತ್ತಿನ ಸಂಕಲನಗಳಲ್ಲಿ ಹೈಟಿಯ ಜಾಂಬಿ ಅಪರೂಪ.

ಎರಡನೆಯದು 1968ರಲ್ಲಿ ಹುಟ್ಟಿದ್ದು. ಜಾರ್ಜ್ ರೊಮೆರೊ ತೆಗೆದ 'ನೈಟ್ ಆಫ್ ದ ಲಿವಿಂಗ್ ಡೆಡ್', ಪೆನ್ಸಿಲ್ವೇನಿಯಾದ ಒಂದು ತೋಟದ ಮನೆಯಲ್ಲಿ ನಡೆಯುವ ಕಪ್ಪು ಬಿಳುಪು ಸಿನಿಮಾ. ಮನುಷ್ಯರನ್ನು ತಿನ್ನುವುದು, ಗುಂಪಾಗಿ ಕಾಲೆಳೆಯುತ್ತಾ ನಡೆಯುವುದು, ತಲೆಗೆ ಹೊಡೆದರೆ ಮಾತ್ರ ಬೀಳುವುದು, ಎಲ್ಲ ಅಲ್ಲಿಂದಲೇ. ತಮಾಷೆ ಏನು ಗೊತ್ತಾ? ಆ ಸಿನಿಮಾದಲ್ಲಿ ಯಾರೂ ಜಾಂಬಿ ಅನ್ನುವ ಪದವನ್ನೇ ಬಳಸುವುದಿಲ್ಲ. ಆ ಹೆಸರನ್ನು ಅಂಟಿಸಿದ್ದು ಜನ.

ಇನ್ನೊಂದು ತಮಾಷೆ. ಬಿಡುಗಡೆಗೆ ಮೊದಲು ಸಿನಿಮಾದ ಹೆಸರು ಬದಲಾಯಿತು. ಹೊಸ ಹೆಸರಿನ ಪಟ್ಟಿಯಲ್ಲಿ ಕಾಪಿರೈಟ್ ಸೂಚನೆ ಹಾಕುವುದನ್ನೇ ವಿತರಕರು ಬಿಟ್ಟುಬಿಟ್ಟರು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಅಷ್ಟಕ್ಕೇ ಹಕ್ಕು ಹೋಯಿತು. ಸಿನಿಮಾ ಊರ ಆಸ್ತಿಯಾಯಿತು. ಯಾರು ಬೇಕಾದರೂ ತೋರಿಸಿದರು, ಕ್ಯಾಸೆಟ್ ಮಾಡಿ ಮಾರಿದರು. ಎಲ್ಲರ ಮನೆಯೊಳಗೂ ಒಂದೇ ಥರದ ಜಾಂಬಿ ಹೊಕ್ಕಿತು. ಈಗ ನೀವೇ ಯೋಚಿಸಿ, ಇಪ್ಪತ್ತು ಲೇಖಕರು ಬೇರೆ ಬೇರೆ ಊರಿನಲ್ಲಿ ಕೂತು ಬರೆದರೂ ಹೆಣ ಒಂದೇ ಥರ ನಡೆಯುವುದು ಆಶ್ಚರ್ಯವೇನಲ್ಲ, ಅಲ್ವಾ?

ಇಂಥ ಸಂಕಲನಗಳಲ್ಲಿ ಮೊದಲನೆಯದು ಯಾವುದು?

ಹೊಸದಾಗಿ ಬರೆಸಿದ ಕಥೆಗಳೇ ತುಂಬಿದ ಜಾಂಬಿ ಸಂಕಲನ ಅಂದರೆ ಸಾಮಾನ್ಯವಾಗಿ ಮೊದಲು ಬರುವ ಹೆಸರು 'ಬುಕ್ ಆಫ್ ದ ಡೆಡ್'. ಜಾನ್ ಸ್ಕಿಪ್, ಕ್ರೇಗ್ ಸ್ಪೆಕ್ಟರ್ ಸಂಪಾದಕರು, 1989ರಲ್ಲಿ ಬಂತು. 16 ಕಥೆಗಳು, ರೊಮೆರೊ ಅವರದ್ದೇ ಮುನ್ನುಡಿ. 'ಹೋಮ್ ಡೆಲಿವರಿ' ಇದರಲ್ಲಿದೆ. ರಾಬರ್ಟ್ ಮೆಕ್ಯಾಮನ್ ಅವರ 'ಈಟ್ ಮಿ' ಕೂಡ ಇದರಲ್ಲೇ ಬಂದದ್ದು. ಅದಕ್ಕೆ ಸ್ಟೋಕರ್ ಪ್ರಶಸ್ತಿ ಸಿಕ್ಕಿತು. ಲೋಕದಲ್ಲಿ ಸತ್ತವರೇ ಉಳಿದಿದ್ದಾರೆ, ಅವರಲ್ಲೂ ಒಂಟಿಯಾದ ಒಂದು ಗಂಡು ಒಂದು ಹೆಣ್ಣು ಭೇಟಿಯಾಗುತ್ತಾರೆ. ಜಾಂಬಿಗೆ ಹಸಿವು ಬಿಟ್ಟು ಬೇರೇನಿಲ್ಲ ಅಂತ ಮೇಲೆ ಹೇಳಿದೆನಲ್ಲ, ಆ ಮಾತನ್ನು ಈ ಕಥೆ ಚೆಂದವಾಗಿ ಸುಳ್ಳು ಮಾಡುತ್ತದೆ. ಆದರೆ ಆ ಉಪಾಯ ಒಂದೇ ಸಲಕ್ಕೆ. ಆಮೇಲೆ ಬಂದ ಜಾಂಬಿ ಪ್ರೇಮಕಥೆಗಳು ನನಗೆ ರುಚಿಸಿಲ್ಲ.

ಪುಸ್ತಕ ಪೂರ್ತಿ ಚೆನ್ನಾಗಿದೆಯಾ? ಇಲ್ಲ. ಆ ಕಾಲದಲ್ಲಿ ಯಾರು ಜಾಸ್ತಿ ರಕ್ತ ಚೆಲ್ಲುತ್ತಾರೆ ಅನ್ನುವ ಪೈಪೋಟಿ ಇತ್ತು. ಅಸಹ್ಯ ಹುಟ್ಟಿಸಿದರೆ ಸಾಕು, ಭಯ ತಾನಾಗೇ ಬರುತ್ತದೆ ಅಂದುಕೊಂಡ ಕಥೆಗಳು ಇವತ್ತು ಓದಿದರೆ ಬಾಲಿಶ. 1992ರಲ್ಲಿ ಇದರ ಮುಂದಿನ ಭಾಗ 'ಸ್ಟಿಲ್ ಡೆಡ್' ಬಂತು. ಮಿಸ್ ಗೈಸ್ ಟೀಚರ್ ಮೊದಲು ಕಾಣಿಸಿಕೊಂಡದ್ದು ಅದರಲ್ಲಿ.

2008ರ ಸುಮಾರಿಗೆ ಇಷ್ಟೊಂದು ಸಂಕಲನಗಳು ಒಟ್ಟಿಗೆ ಬಂದದ್ದು ಯಾಕೆ?

ಗಾಳಿ ಬಂದಾಗ ತೂರಿಕೊಂಡರು. ಸಿನಿಮಾಗಳು ಓಡುತ್ತಿದ್ದವು, 2010ರಲ್ಲಿ 'ದ ವಾಕಿಂಗ್ ಡೆಡ್' ಟಿವಿಗೆ ಬಂತು, ಇ-ಪುಸ್ತಕ ಮಾಡುವುದು ಅಗ್ಗವಾಯಿತು. ದೊಡ್ಡ ಪ್ರಕಾಶಕರ ಜೊತೆ ಚಿಕ್ಕಪುಟ್ಟವರೂ ಇಳಿದರು. ಚಿಕ್ಕವರಲ್ಲಿ ಒಳ್ಳೆಯವರೂ ಇದ್ದರು. ಆದರೆ ನಾನು ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಂಡ ಒಂದು ಇ-ಪುಸ್ತಕದಲ್ಲಿ ಕಾಗುಣಿತ ತಿದ್ದುವವರೇ ಇರಲಿಲ್ಲ ಅಂತ ಕಾಣುತ್ತದೆ. ಒಂದು ಪಾತ್ರದ ಹೆಸರು ಐದು ಪುಟದಲ್ಲಿ ಎರಡು ಸಲ ಬದಲಾಯಿತು. ಮೂರನೇ ಪುಟದಲ್ಲಿ ಸತ್ತವಳು ಆರನೇ ಪುಟದಲ್ಲಿ ಕಾಫಿ ಮಾಡುತ್ತಿದ್ದಳು. ಜಾಂಬಿಯಾಗಿ ಅಲ್ಲ, ಸುಮ್ನೆ ಹಾಗೇ.

ಹೊಸದಾಗಿ ಬರೆಸಿದ್ದು ಒಳ್ಳೆಯದಾ, ಹಳೆಯದನ್ನು ಆರಿಸಿದ್ದು ಒಳ್ಳೆಯದಾ?

ಮೊದಲ ಸಲ ಓದುವವರಿಗೆ ಆರಿಸಿದ್ದೇ ವಾಸಿ. ಕಾರಣ ಸರಳ. ಹೊಸ ಕಥೆ ಬರೆಸಿದರೆ, ಬಂದದ್ದರಲ್ಲೇ ಪುಸ್ತಕ ತುಂಬಿಸಬೇಕು. ದೊಡ್ಡ ಹೆಸರಿನವರು ಅರೆಮನಸ್ಸಿನಿಂದ ಬರೆದು ಕಳಿಸಿದ್ದನ್ನೂ ಬಿಡುವಂತಿಲ್ಲ, ಮುಖಪುಟದಲ್ಲಿ ಅವರ ಹೆಸರು ಬೇಕು. ಹಳೆಯದರಲ್ಲಿ ಆರಿಸುವಾಗ ಇಪ್ಪತ್ತು ವರ್ಷದ ಫಸಲಿನಿಂದ ಕಾಳು ಮಾತ್ರ ತೆಗೆಯಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ಜಾನ್ ಜೋಸೆಫ್ ಆಡಮ್ಸ್ ಸಂಪಾದಿಸಿದ 'ದ ಲಿವಿಂಗ್ ಡೆಡ್', 2008ರದ್ದು. ಮೊದಲ ಕಥೆಯೇ ಟೀಚರಮ್ಮನದು. ಡೇಲ್ ಬೇಲಿ ಅವರ ಒಂದು ಕಥೆಯಲ್ಲಿ ಅಮೆರಿಕದ ಚುನಾವಣೆಗೆ ಸತ್ತವರು ಎದ್ದು ಬಂದು ವೋಟ್ ಹಾಕುತ್ತಾರೆ. ಅಮೆರಿಕದವರಿಗೆ ಅದು ಕಲ್ಪನೆ. ಮತದಾರರ ಪಟ್ಟಿ ನೋಡಿದ ನಮಗೆ ಅಷ್ಟೇನೂ ಹೊಸದಲ್ಲ ಬಿಡಿ! ಜೋ ಹಿಲ್ ಅವರ ಕಥೆಯಲ್ಲಿ ನಿಜವಾದ ಜಾಂಬಿಯೇ ಇಲ್ಲ. ರೊಮೆರೊ ಅವರ ಇನ್ನೊಂದು ಸಿನಿಮಾದ ಶೂಟಿಂಗಿಗೆ ಹೆಣದ ಮೇಕಪ್ ಹಾಕಿಕೊಂಡು ಬಂದ ಎಕ್ಸ್‌ಟ್ರಾಗಳ ನಡುವೆ ಇಬ್ಬರು ಹಳೇ ಪ್ರೇಮಿಗಳು ಎದುರಾಗುತ್ತಾರೆ. ಮುಖದ ತುಂಬ ಬಣ್ಣ, ಹಣೆಯಲ್ಲಿ ಸುಳ್ಳು ಗಾಯ, ಆದರೆ ಒಳಗಿನ ಹಳೇ ನೋವು ನಿಜ. ಸಂಕಲನದ ಮಧ್ಯದಲ್ಲಿ ಇಂಥದ್ದೊಂದು ಸಿಕ್ಕರೆ ಬಿಸಿಲಿನಲ್ಲಿ ಮಜ್ಜಿಗೆ ಸಿಕ್ಕ ಹಾಗೆ.

ಆರಿಸಿದ ಸಂಕಲನಗಳ ಒಂದೇ ಕಿರಿಕಿರಿ: ಅವೇ ಒಳ್ಳೆಯ ಕಥೆಗಳು ಮೂರು ನಾಲ್ಕು ಪುಸ್ತಕಗಳಲ್ಲಿ ತಿರುಗುತ್ತಿರುತ್ತವೆ. 'ಹೋಮ್ ಡೆಲಿವರಿ'ಗೆ ನಾನು ಎಷ್ಟು ಸಲ ದುಡ್ಡು ಕೊಟ್ಟಿದ್ದೇನೋ. ಕೊಳ್ಳುವ ಮೊದಲು ಪರಿವಿಡಿ ನೋಡಿ.

ಮತ್ತೆ ಮತ್ತೆ ಮೊದಲಿನಿಂದ ಶುರುವಾಗುವ ಈ ಕಾಟಕ್ಕೆ ಪರಿಹಾರ ಕಂಡ ಪುಸ್ತಕಗಳಿಲ್ಲವಾ?

ಇವೆ. ಎಲ್ಲ ಕಥೆಗಳನ್ನೂ ಒಂದೇ ಲೋಕದಲ್ಲಿ, ಒಂದೇ ಅನಾಹುತದಲ್ಲಿ ಇಟ್ಟುಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಮ್ಯಾಕ್ಸ್ ಬ್ರೂಕ್ಸ್ ಅವರ 'ವರ್ಲ್ಡ್ ವಾರ್ ಝಡ್', 2006ರದ್ದು, ಹೆಸರಿಗೆ ಕಾದಂಬರಿ. ಓದಿದರೆ ಸಂಕಲನದ ಹಾಗೇ ಇದೆ. ಯುದ್ಧ ಮುಗಿದ ಮೇಲೆ ಬದುಕಿ ಉಳಿದವರನ್ನು ಒಬ್ಬ ಊರೂರು ಸುತ್ತಿ ಮಾತಾಡಿಸುತ್ತಾನೆ. ಒಬ್ಬೊಬ್ಬರದು ಒಂದೊಂದು ಕಥೆ. ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೆಯುವ ತೀರ ಇದೆಯಲ್ಲ, ಅಲ್ಲಿ ಜನ ಹಡಗು ಹತ್ತಲು ಮುಗಿಬೀಳುವ ಭಾಗ ಇದರಲ್ಲಿದೆ. ಲೇಖಕ ಒಬ್ಬನೇ ಆದ್ದರಿಂದ ಏರಿಳಿತ ಕಡಿಮೆ.

ಸ್ಟೀಫನ್ ಜೋನ್ಸ್ 2010ರಲ್ಲಿ ಹಲವು ಲೇಖಕರನ್ನು ಸೇರಿಸಿ 'ಝಾಂಬಿ ಅಪೊಕಲಿಪ್ಸ್' ಅಂತ ಮಾಡಿದರು. ಅದೂ ಒಂದೇ ಅನಾಹುತದ ಕಥೆ. ಪತ್ರ, ಇ-ಮೇಲ್, ವರದಿಗಳ ರೂಪದಲ್ಲಿ ಸಾಗುತ್ತದೆ. 2017ರಲ್ಲಿ ರೊಮೆರೊ ಅವರೇ ಜೊನಾಥನ್ ಮೇಬೆರಿ ಜೊತೆ ಸೇರಿ ಒಂದು ಸಂಕಲನ ತಂದರು. 1968ರ ಆ ಮೊದಲ ರಾತ್ರಿಯ ಸುತ್ತಲೇ ಎಲ್ಲರೂ ಬರೆಯಬೇಕು ಅನ್ನುವ ಕರಾರು. ಪುಸ್ತಕ ಬಂದ ತಿಂಗಳಲ್ಲೇ ರೊಮೆರೊ ತೀರಿಕೊಂಡರು.

ಹಾಲಿ ಬ್ಲ್ಯಾಕ್, ಜಸ್ಟೀನ್ ಲಾರ್ಬಲೆಸ್ಟಿಯರ್ ಸೇರಿ ಮಾಡಿದ್ದು ಇನ್ನೊಂದು ದಾರಿ. 12 ಕಥೆ, ಅದರಲ್ಲಿ ಅರ್ಧ ಜಾಂಬಿಗೆ, ಅರ್ಧ ಒಂಟಿಕೊಂಬಿನ ಕುದುರೆಗೆ. ಪ್ರತಿ ಕಥೆಯ ತಲೆಯ ಮೇಲೆ ಇದು ಯಾವುದರ ಕಥೆ ಅಂತ ಪುಟ್ಟ ಚಿತ್ರ. ಹದಿಹರೆಯದವರಿಗೆ ಬರೆದದ್ದು, ಸ್ವಲ್ಪ ಚೆಲ್ಲಾಟ ಜಾಸ್ತಿ. ಆದರೆ ಬಾಯಿ ರುಚಿ ಬದಲಾಗುತ್ತಾ ಇರುವುದರಿಂದ ಪುಸ್ತಕ ಮುಗಿಸುವುದು ಕಷ್ಟವಾಗಲಿಲ್ಲ.

ಟ್ವೀಟ್, ಡೈರಿ, ನಾಟಕ, ಹೀಗೆ ವಿಚಿತ್ರ ರೂಪದಲ್ಲಿ ಬರೆದವು ಬರೀ ಗಿಮಿಕ್ ಅಲ್ವಾ?

ಬಹಳಷ್ಟು ಗಿಮಿಕ್ಕೇ. ಡೈರಿಯಂತೂ ಬೇಡವೇ ಬೇಡ. ಕೊನೇ ಪುಟದಲ್ಲಿ ಬರೆಯುವವನೇ ಜಾಂಬಿಯಾಗಿ ಅಕ್ಷರ ವಾಲಾಡುತ್ತದೆ, ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಒಂದು ಓದಿದರೆ ಎಲ್ಲ ಓದಿದ ಹಾಗೆ.

ಎರಡು ಮಾತ್ರ ನನಗೆ ಹಿಡಿಸಿದವು. ಜೋ ಹಿಲ್ 2010ರಲ್ಲಿ ಒಂದು ಇಡೀ ಕಥೆಯನ್ನು ಟ್ವೀಟ್‌ಗಳಲ್ಲಿ ಬರೆದರು. ಅಪ್ಪ ಅಮ್ಮನ ಜೊತೆ ಕಾರಿನಲ್ಲಿ ಪ್ರವಾಸ ಹೊರಟ ಹುಡುಗಿ, ಹೊತ್ತು ಹೋಗದೆ ಗೊಣಗುತ್ತಾ ಟ್ವೀಟ್ ಮಾಡುತ್ತಾಳೆ. ದಾರಿಯಲ್ಲಿ ಒಂದು ಸರ್ಕಸ್. ಅರ್ಧ ಕಥೆ ಬರೀ ಗೊಣಗಾಟ, ಅಮ್ಮನ ಮೇಲೆ ಸಿಟ್ಟು. ಅದೇ ಅದರ ಬಲ. ಇನ್ನೊಂದು ಜಾನ್ ಲ್ಯಾಂಗನ್ ಅವರದು, 'ದ ಲಿವಿಂಗ್ ಡೆಡ್'ನ ಕೊನೇ ಕಥೆ. ರಂಗದ ಮೇಲೆ ಸೂತ್ರಧಾರ ಬಂದು ಊರಿನವರ ಪರಿಚಯ ಮಾಡಿಕೊಡುವ ನಾಟಕದ ಹಾಗೆ ಬರೆದಿದ್ದಾರೆ. ನಮ್ಮ ನಾಟಕ ನೋಡಿ ಬೆಳೆದವರಿಗೆ ಸೂತ್ರಧಾರ ಹೊಸಬನಲ್ಲ, ಆದರೆ ಅವನ ಹಿಂದೆ ನಿಂತ ಊರಿನವರು ಒಬ್ಬೊಬ್ಬರಾಗಿ ಸತ್ತವರ ಕಡೆ ಸೇರುವುದು ಹೊಸದು.

ಭಾರತದಲ್ಲಿ ನಡೆಯುವ ಕಥೆ ಒಂದಾದರೂ ಇದೆಯಾ?

ಇದೆ. 'ಸ್ಟಿಲ್ ಡೆಡ್'ನಲ್ಲಿ ಬಂದ, ಪಾಪಿ ಝಡ್ ಬ್ರೈಟ್ ಹೆಸರಿನಲ್ಲಿ ಪ್ರಕಟವಾದ 'ಕಲ್ಕತ್ತಾ, ಲಾರ್ಡ್ ಆಫ್ ನರ್ವ್ಸ್'. ತಾಯಿ ಭಾರತದವಳು, ತಂದೆ ಅಮೆರಿಕದವನು. ಕಲ್ಕತ್ತದಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು ಮತ್ತೆ ವಾಪಸ್ ಬಂದ ಒಬ್ಬ ಹೇಳುವ ಕಥೆ. ಬೀದಿಗಳಲ್ಲಿ ಹೆಣಗಳು ಓಡಾಡುತ್ತಿವೆ, ಊರು ತನ್ನ ಪಾಡಿಗೆ ತಾನು ನಡೆಯುತ್ತಿದೆ. ಕೊನೆಗೆ ಕಾಳಿ ದೇವಸ್ಥಾನ.

ಭಾಷೆ ಬಹಳ ಸೊಗಸು, ಅದನ್ನು ಒಪ್ಪಲೇಬೇಕು. ಆದರೆ ಓದುವಾಗ ಮೈ ಪರಚಿದ ಹಾಗಾಯಿತು. ಆ ಕಲ್ಕತ್ತದಲ್ಲಿ ಕೊಳೆ ಇದೆ, ಹಸಿವಿದೆ, ಕಾಳಿ ಇದ್ದಾಳೆ. ಟ್ರಾಮ್ ತಪ್ಪಿತು ಅಂತ ಬೈದುಕೊಳ್ಳುವ ಗುಮಾಸ್ತ, ಮೀನಿನ ರೇಟಿಗೆ ಜಗಳವಾಡುವ ಅಜ್ಜಿ ಕಾಣುವುದಿಲ್ಲ. ಮೇನ್ ದ್ವೀಪದ ಮ್ಯಾಡಿಗೆ ಸಿಕ್ಕ ಅಡುಗೆಮನೆ ಕಲ್ಕತ್ತದ ಯಾರಿಗೂ ಸಿಕ್ಕಿಲ್ಲ. ಬಡವರಿಗೂ ಹೆಣಕ್ಕೂ ವ್ಯತ್ಯಾಸ ಕಾಣದ ಊರು ಅನ್ನುವ ಕಲ್ಪನೆ ದೂರದಿಂದ ನೋಡುವವರಿಗೆ ಮಾತ್ರ ಬರುವಂಥದ್ದು. ಬಹಳ ಜನ ಇದನ್ನು ಮೆಚ್ಚುತ್ತಾರೆ. ನಾನು ಆ ಗುಂಪಿಗೆ ಸೇರಿದವನಲ್ಲ.

ನಮ್ಮ ಬೇತಾಳ ಜಾಂಬಿನಾ?

ಅಲ್ಲ. ಹೆಣ ಎದ್ದು ಬಂದರೆ ಜಾಂಬಿ. ಹೆಣದೊಳಗೆ ಬೇರೊಬ್ಬರು ಹೊಕ್ಕು ಕೂತರೆ ಬೇತಾಳ. ಅದೂ ಎಂಥವನು! ತರ್ಕ ಗೊತ್ತು, ಧರ್ಮಸೂಕ್ಷ್ಮ ಗೊತ್ತು, ರಾಜನನ್ನು ಮಾತಿನಲ್ಲಿ ಕಟ್ಟಿಹಾಕುತ್ತಾನೆ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಅವನ 25 ಕಥೆಗಳಿವೆ. ನಮಗೆ ಅವನ ಪರಿಚಯವಾದದ್ದು ಚಂದಮಾಮದಿಂದ.

ಆದರೆ ಪ್ರಶ್ನೆ ಕೇಳಿದವರು ಒಂದು ಒಳ್ಳೆಯ ಎಳೆ ಹಿಡಿದಿದ್ದಾರೆ. ಬೇತಾಳ ಕಥೆಗಳೂ ಪ್ರತಿ ಸಲ ಹಾಗೇ ಶುರುವಾಗುತ್ತಿದ್ದವು, ಅಲ್ವಾ? ಛಲ ಬಿಡದ ರಾಜ, ಮರ, ಹೆಗಲ ಮೇಲೆ ಹೆಣ, ಸ್ಮಶಾನದ ದಾರಿ. ಕೊನೆಯೂ ಹಾಗೇ: ರಾಜ ಬಾಯಿ ಬಿಟ್ಟ, ಹೆಣ ಮತ್ತೆ ಮರಕ್ಕೆ. ಜಾಂಬಿ ಕಥೆಯಲ್ಲಿ ಬೇಜಾರಾಗುವ ಈ ಪುನರಾವರ್ತನೆ ಅಲ್ಲಿ ಯಾಕೆ ಬೇಜಾರಾಗಲಿಲ್ಲ?

ಬಹಳ ದಿನ ಯೋಚಿಸಿದ್ದೇನೆ. ಒಂದು, ಆ ಶುರು ಹತ್ತು ಸಾಲಿನಲ್ಲಿ ಮುಗಿಯುತ್ತಿತ್ತು. ನಿಮಗೆ ಗೊತ್ತಿದೆ ಅಂತ ನನಗೂ ಗೊತ್ತು ಅನ್ನುವ ಹಾಗೆ. ಜಾಂಬಿ ಕಥೆಗಾರ ಅದನ್ನೇ ಆರು ಪುಟ ಎಳೆಯುತ್ತಾನೆ, ಬಿಸಿ ಬಿಸಿ ಸುದ್ದಿ ಅನ್ನುವ ಹಾಗೆ. ಎರಡು, ಒಳಗಿನ ಕಥೆ ಹೆಣದ್ದಾಗಿರುತ್ತಿರಲಿಲ್ಲ. ವ್ಯಾಪಾರಿ, ಕಳ್ಳ, ಮೂವರು ವರರು, ಹೀಗೆ ಬದುಕಿರುವವರ ಪೀಕಲಾಟವೇ ಇರುತ್ತಿತ್ತು. ಹೆಣ ಕಥೆ ಹೇಳುವ ಬಾಯಿ ಮಾತ್ರ. ಮೂರು, ತಿಂಗಳಿಗೊಂದೇ ಬರುತ್ತಿತ್ತು.

ಹಾಗಾದರೆ ಇವನ್ನು ಹೇಗೆ ಓದಬೇಕು?

ಚಂದಮಾಮದ ಲೆಕ್ಕದಲ್ಲೇ. ಒಂದು ಕಥೆ ಓದಿ, ಪುಸ್ತಕ ಮುಚ್ಚಿ, ಬೇರೇನಾದರೂ ಓದಿ. ತಿಂಗಳು ಕಾಯಬೇಕಿಲ್ಲ, ವಾರಕ್ಕೊಂದು ಸಾಕು. ಶುರುವಿನಿಂದ ಕೊನೆಯ ತನಕ ಒಂದೇ ಉಸಿರಿಗೆ ಓದಿದರೆ ಒಳ್ಳೆಯ ಕಥೆಗೂ ಅನ್ಯಾಯ. ನಾನು ಮೆಚ್ಚಿದ ಒಂದು ಕಥೆಯನ್ನು ಮೊದಲ ಓದಿನಲ್ಲಿ ಸಪ್ಪೆ ಅಂತ ಬದಿಗಿಟ್ಟಿದ್ದೆ. ಅದು ಪುಸ್ತಕದ ಹದಿನೇಳನೆಯದು. ಹದಿನಾರು ಹೆಣ ದಾಟಿ ಬಂದ ನನ್ನಲ್ಲಿ ಜೀವ ಉಳಿದಿರಲಿಲ್ಲ, ಅಷ್ಟೇ.

ಸಂಪಾದಕರು ಸಾಮಾನ್ಯವಾಗಿ ಗಟ್ಟಿ ಕಥೆಯನ್ನು ಮೊದಲಿಗೆ ಒಂದು, ಕೊನೆಗೆ ಒಂದು ಇಡುತ್ತಾರೆ. ಗೊತ್ತಿಲ್ಲದ ಪುಸ್ತಕ ಸಿಕ್ಕರೆ ಅವೆರಡನ್ನು ಓದಿ ನೋಡಿ. ಅವೇ ನಿಲ್ಲದಿದ್ದರೆ ಮಧ್ಯದ್ದರ ಮೇಲೆ ಆಸೆ ಬೇಡ.

ಮಧ್ಯದಲ್ಲಿ ಬಿಡಬಹುದಾ?

ಧಾರಾಳವಾಗಿ. ಎರಡನೇ ಪುಟದಲ್ಲಿ ಟಿವಿ ಆನ್ ಆದರೆ ನಾನು ಮುಂದಿನ ಕಥೆಗೆ ಹೋಗುತ್ತೇನೆ.

ಮಕ್ಕಳು ಓದಬಹುದಾ?

1989ರ ಪುಸ್ತಕ, ಅದರ ಮುಂದಿನ ಭಾಗ ಎರಡನ್ನೂ ಕೈಗೆ ಸಿಗದ ಹಾಗೆ ಇಡಿ. ರಕ್ತದ ಜೊತೆ ಬೇರೆ ವಿಷಯಗಳೂ ಇವೆ. ಒಂಟಿಕೊಂಬಿನ ಕುದುರೆಯ ಪುಸ್ತಕವನ್ನು ಹೈಸ್ಕೂಲ್ ದಾಟಿದವರು ಓದಬಹುದು.

ಕನ್ನಡದಲ್ಲಿ ಬರೆಯಬೇಕು ಅಂತ ಆಸೆ. ಏನಾದರೂ ಸಲಹೆ?

ವೈರಸ್ಸು, ಪ್ರಯೋಗಶಾಲೆ, ಖಾಲಿ ಹೈವೇ, ಮೂರನ್ನೂ ಮೊದಲು ಕಿತ್ತುಹಾಕಿ. ಅದೆಲ್ಲ ಬೇರೆಯವರ ಮನೆಯ ಸಾಮಾನು.

ನಮ್ಮಲ್ಲಿ ಹೆಣ ಕಾಯುವ ಪದ್ಧತಿ ಇದೆ. ಸಂಜೆ ತೀರಿಕೊಂಡರೆ, ದೂರದ ಮಗ ಬರುವ ತನಕ ರಾತ್ರಿಯಿಡೀ ಯಾರಾದರೂ ಪಕ್ಕದಲ್ಲಿ ಕೂತಿರಬೇಕು. ತಲೆಯ ಹತ್ತಿರ ದೀಪ, ಆರಬಾರದು. ಬೆಕ್ಕು ಹೆಣವನ್ನು ದಾಟಬಾರದು, ದಾಟಿದರೆ ಹೆಣ ಎದ್ದು ಕೂರುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಚಿಕ್ಕವನಿದ್ದಾಗ ಒಂದು ರಾತ್ರಿ ನನ್ನನ್ನು ಬೆಕ್ಕು ಓಡಿಸಲು ಕೂರಿಸಿದ್ದರು. ಕೈಯಲ್ಲಿ ಒಂದು ಹಂಚಿಕಡ್ಡಿ. ದೊಡ್ಡವರು ಜಗಲಿಯ ಮೇಲೆ ಕೂತು ಸೌದೆ ಎಷ್ಟು ಬೇಕು, ಬೆಂಗಳೂರಿನ ಬಸ್ಸು ಎಷ್ಟಕ್ಕೆ ಬರುತ್ತದೆ ಅಂತ ಮೆಲ್ಲಗೆ ಮಾತಾಡುತ್ತಿದ್ದರು. ಒಳಗೆ ನಾನು, ದೀಪ, ಬಿಳಿ ಬಟ್ಟೆ. ಬೆಕ್ಕು ಎರಡು ಸಲ ಬಾಗಿಲ ತನಕ ಬಂದು ನೋಡಿ ಹೋಯಿತು.

ಅಲ್ಲಿಂದ ಶುರು ಮಾಡಿ. ಬೆಕ್ಕು ದಾಟಿತೋ ಇಲ್ಲವೋ ಅನ್ನುವುದು ನಿಮಗೆ ಬಿಟ್ಟದ್ದು. ಮಗ ಬರುವ ತನಕ ಕಾಯುವ ಕೆಲಸ ಮಾತ್ರ ಮುಂದುವರಿಯಲಿ.

ನಿಮ್ಮ ಹತ್ತಿರ ಇರುವ ಪುಸ್ತಕ ಓದಲು ಕೊಡುತ್ತೀರಾ?

'ದ ಲಿವಿಂಗ್ ಡೆಡ್' ಕೊಡುತ್ತೇನೆ, ಎರಡು ಪ್ರತಿ ಇವೆ. 'ಬುಕ್ ಆಫ್ ದ ಡೆಡ್' ಇಲ್ಲ. ಗೆಳೆಯನೊಬ್ಬ ತೆಗೆದುಕೊಂಡು ಹೋಗಿ ಆರು ವರ್ಷವಾಯಿತು. ಕೇಳಿದಾಗಲೆಲ್ಲ ಹದಿನೈದನೇ ಕಥೆಯಲ್ಲಿದ್ದೇನೆ ಅನ್ನುತ್ತಾನೆ.